ಬೆರಳು ಹೋದ ಮೇಲೆ ಬರುವ ಹಣ

ಮಹಾನವಮಿ ಕಳೆದು ದೀಪಾವಳಿ ಬರುವುದರೊಳಗೆ ಬೀದರ ಜಿಲ್ಲೆಯಲ್ಲಿ ಸೋಯಾ ಅವರೆಯ ರಾಶಿ ಮುಗಿಯಬೇಕು. ಕೊಯ್ಲು ತಡವಾದರೆ ಕಾಯಿ ಒಡೆದು ಕಾಳು ಹೊಲದಲ್ಲಿಯೇ ಉದುರುತ್ತದೆ. ಕೊಯ್ದು ಬಣವೆ ಹಾಕಿದ ಮೇಲೆ ಮಳೆ ಹಿಡಿದರೆ ಕಾಳು ಕಪ್ಪಾಗಿ, ಬೀದರದ ಗಾಂಧಿ ಗಂಜಿನಲ್ಲಿ ಅದನ್ನು ಕೇಳುವವರಿರುವುದಿಲ್ಲ. ಹೀಗಾಗಿ ಆ ಮೂರು ನಾಲ್ಕು ವಾರ ಔರಾದ, ಭಾಲ್ಕಿ, ಬೀದರ ತಾಲೂಕುಗಳ ಹೊಲಗಳಲ್ಲಿ ಹಗಲು ರಾತ್ರಿ ಎನ್ನದೆ ರಾಶಿ ಯಂತ್ರಗಳು ಓಡುತ್ತಿರುತ್ತವೆ. ಮುಂದೆ ಎಳ್ಳ ಅಮಾವಾಸ್ಯೆಯ ಆಚೀಚೆ ತೊಗರಿ, ಶಿವರಾತ್ರಿಯ ಹೊತ್ತಿಗೆ ಕಡಲೆ. ಅದೇ ಯಂತ್ರ, ಅದೇ ಆಳು, ಅದೇ ಅವಸರ.

ಎತ್ತು ಕಟ್ಟಿ ಹಂತಿ ಹೊಡೆಯುತ್ತಿದ್ದ ಕಾಲವನ್ನು ಕಂಡ ನನ್ನಂಥವರಿಗೆ ಈ ಯಂತ್ರ ಎಷ್ಟು ದೊಡ್ಡ ಉಪಕಾರ ಮಾಡಿದೆ ಎಂಬುದು ಗೊತ್ತು. ಎಂಟು ದಿನ ಕಣದಲ್ಲಿ ಮಲಗಬೇಕಾಗಿದ್ದ ಕೆಲಸ ಅರ್ಧ ದಿನದಲ್ಲಿ ಮುಗಿಯುತ್ತದೆ. ಆದುದರಿಂದ ಯಂತ್ರ ಬೇಡ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಹಂತಿಯ ಎತ್ತು ಯಾರ ಕೈಯನ್ನೂ ತಿನ್ನುತ್ತಿರಲಿಲ್ಲ, ಯಂತ್ರ ತಿನ್ನುತ್ತದೆ. ತಿಂದ ಮೇಲೆ ಆ ಕೈಯ ಬೆಲೆಯನ್ನು ಯಾರು ಕೊಡಬೇಕು ಎಂಬುದು ಒಂದು ಪ್ರಶ್ನೆ. ತಿನ್ನದ ಹಾಗೆ ಮಾಡುವ ಖರ್ಚನ್ನು ಯಾರು ಹೊರಬೇಕು ಎಂಬುದು ಇನ್ನೊಂದು. ಮೊದಲನೆಯದು ವಿಮೆಯವರ ಕೆಲಸ, ಎರಡನೆಯದು ಇಂಜಿನಿಯರರ ಕೆಲಸ ಎಂದು ನಾವು ಇವೆರಡನ್ನೂ ಬೇರೆ ಬೇರೆ ಇಟ್ಟಿದ್ದೇವೆ. ಇವನ್ನು ಒಂದೇ ಚೀಲದಲ್ಲಿ ಹಾಕದ ಹೊರತು ಎರಡಕ್ಕೂ ಉತ್ತರ ಸಿಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಕೆಲವು ವರ್ಷಗಳ ಹಿಂದೆ ಔರಾದ ತಾಲೂಕಿನ ಒಂದು ಊರಿನಲ್ಲಿ ನಡೆದುದನ್ನು ಹೇಳುತ್ತೇನೆ. ಅಕ್ಟೋಬರ್ ತಿಂಗಳು. ಸಂಜೆಯಿಂದಲೇ ಮೋಡ ಕಟ್ಟಿತ್ತು. ನಾಲ್ಕು ಎಕರೆಯ ರೈತರೊಬ್ಬರು ಬಾಡಿಗೆಯ ರಾಶಿ ಯಂತ್ರ ಹೇಳಿದ್ದರು. ಅದು ಬೇರೆ ಎರಡು ಕಣ ಮುಗಿಸಿ ಇವರ ಹೊಲಕ್ಕೆ ಬಂದದ್ದು ರಾತ್ರಿ ಒಂಬತ್ತಕ್ಕೆ. ಬೆಳಕು ಎಂದರೆ ಟ್ರ್ಯಾಕ್ಟರಿನ ಒಂದು ದೀಪ. ಅದೂ ಪೈರು ಉಣಿಸುವವನ ಬೆನ್ನಿಗೆ ಬೀಳುತ್ತಿದ್ದುದರಿಂದ ಅವನ ನೆರಳು ಅವನ ಕೈಯ ಮೇಲೆಯೇ ಬೀಳುತ್ತಿತ್ತು. ಬಣವೆಯ ಮೇಲಿನ ಪೈರು ಒಣಗಿತ್ತು, ತಳದ್ದು ಹಸಿ. ಹಸಿ ಪೈರು ಒಳಗೆ ಸಲೀಸಾಗಿ ಹೋಗದೆ ಯಂತ್ರದ ಬಾಯಲ್ಲಿ ಗಂಟು ಬಿತ್ತು. ಉಣಿಸುತ್ತಿದ್ದ ಇಪ್ಪತ್ತೈದು ವರ್ಷದ ಹುಡುಗ ಅದನ್ನು ಕೈಯಿಂದ ಒತ್ತಿದ. ಗಂಟು ಒಮ್ಮೆಲೇ ಒಳಗೆ ಸೆಳೆಯಿತು. ಬಲಗೈಯ ಮೂರು ಬೆರಳು ಹೋದವು. ಟಾವೆಲ್ ಸುತ್ತಿ ಮೋಟಾರ್ ಸೈಕಲ್ಲಿನ ಮೇಲೆ ನಡುವೆ ಕೂರಿಸಿಕೊಂಡು ಔರಾದಕ್ಕೆ ತಂದರು. ಅಲ್ಲಿಂದ ಬೀದರಕ್ಕೆ ಸುಮಾರು 40 ಕಿ.ಮೀ. ಬೆರಳುಗಳನ್ನು ಹುಡುಕಿ ತರಬೇಕು ಎಂಬುದು ಯಾರಿಗೂ ಹೊಳೆದಿರಲಿಲ್ಲ.

ನಾನು ಆ ಊರಿಗೆ ಹೋದದ್ದು ನಾಲ್ಕು ದಿನ ಬಿಟ್ಟು. ಜಗಳ ಇನ್ನೂ ನಡೆದಿತ್ತು. ಯಂತ್ರದ ಮಾಲಕ, “ಆಳು ನಿಮ್ಮಾಂವ ಇದ್ದಾನ್ರಿ, ಕೂಲಿ ಕೊಟ್ಟವರು ನೀವು, ನನಗೇನ್ ಸಂಬಂಧ?” ಎನ್ನುತ್ತಿದ್ದ. ಹೊಲದ ಯಜಮಾನರು, “ಮಷಿನ್ ನಿಂದು, ಡ್ರೈವರ್ ನಿನ್ನಾಂವ, ಬಾಡಿಗಿ ಎಣಿಸಿಕೊಂಡಾಂವ ನೀನು” ಎನ್ನುತ್ತಿದ್ದರು. ಹುಡುಗನ ತಾಯಿ ಇಬ್ಬರನ್ನೂ ಬೈಯಲಿಲ್ಲ. “ಹಣೀಬರಹ ಬಿಡ್ರಿ” ಎಂದಳು. ಕೊನೆಗೆ ಹಿರಿಯರು ಕೂತು, ದವಾಖಾನೆಯ ಖರ್ಚು ಅರ್ಧ ಅರ್ಧ, ಮೇಲೆ ಹುಡುಗನ ಮನೆಗೆ ಎರಡು ಚೀಲ ಜೋಳ ಎಂದು ತೀರ್ಮಾನ ಮಾಡಿದರು. ತೀರ್ಮಾನ ಮಾಡಿದವರಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಅವರಿಗೆ ತಿಳಿದ ಲೆಕ್ಕ ಅದೊಂದೇ ಆಗಿತ್ತು. ಹುಡುಗ ಮುಂದಿನ ವರ್ಷ ಕುಡುಗೋಲು ಹಿಡಿಯಲಾಗದೆ ಹೈದರಾಬಾದಿಗೆ ಕಾವಲುಗಾರನಾಗಿ ಹೋದ.

ಕಾಯದೆಯ ಲೆಕ್ಕ

ಬೇರೆ ಲೆಕ್ಕವೊಂದಿತ್ತು. 1923ರ ನೌಕರರ ಪರಿಹಾರ ಕಾಯದೆ ಎಂಬುದೊಂದು ಹಳೆಯ ಕಾಯದೆ. ಕಾರ್ಖಾನೆಯವರಿಗೆ ಮಾತ್ರ ಸೇರಿದ್ದು ಎಂದು ನಮ್ಮಲ್ಲಿ ಅನೇಕರ ತಿಳುವಳಿಕೆ. ಆದರೆ ಅದರ ಎರಡನೆಯ ಪರಿಶಿಷ್ಟದಲ್ಲಿ ಟ್ರ್ಯಾಕ್ಟರಿನಿಂದ ಮಾಡುವ ಒಕ್ಕಲುತನ, ಕೊಳವೆ ಬಾವಿಯ ಕೆಲಸ, ಬೆಳೆಗೆ ಕೀಟನಾಶಕ ಹೊಡೆಯುವ ಕೆಲಸ, ಯಂತ್ರದಿಂದ ಮಾಡುವ ಕೊಯ್ಲು ಮತ್ತು ರಾಶಿ ಎಲ್ಲವೂ ಹೆಸರು ಹಿಡಿದು ಬರೆದಿದ್ದವು. ದಿನಗೂಲಿಯ ಆಳು ಎಂಬ ಕಾರಣಕ್ಕೆ ಹೊರಗಿಡುವ ಮಾತು 2000ದ ತಿದ್ದುಪಡಿಯಲ್ಲಿ ತೆಗೆದುಹೋಯಿತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ಈ ಹಳೆಯ ಕಾಯದೆಯನ್ನು ತನ್ನೊಳಗೆ ಸೇರಿಸಿಕೊಂಡಿತು. ಕೆಲಸದಲ್ಲಿ ಪೆಟ್ಟಾದರೆ ಕೆಲಸ ಕೊಟ್ಟವನೇ ಹೊಣೆ ಎಂಬ ಮೂಲ ಮಾತು ಅದರಲ್ಲಿಯೂ ಉಳಿದಿದೆ.

ಹಳೆಯ ಕಾಯದೆ ಬೆರಳುಗಳನ್ನು ಎಷ್ಟು ನಿಖರವಾಗಿ ಎಣಿಸಿತ್ತು ಎಂಬುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇಕಡಾ 30 ನಷ್ಟ. ತೋರುಬೆರಳು ಪೂರ್ತಿ ಹೋದರೆ 14. ಎರಡು ಬೆರಳಿಗೆ 20, ಮೂರಕ್ಕೆ 30, ನಾಲ್ಕಕ್ಕೆ 50. ಇಡೀ ಹಸ್ತಕ್ಕೆ 60. ತಿಂಗಳ ಕೂಲಿಯ ಶೇಕಡಾ 60ನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸಿ, ಅದರಲ್ಲಿ ನಷ್ಟದ ಪಾಲು ಹಿಡಿಯಬೇಕು. ಇಪ್ಪತ್ತೈದು ವರ್ಷಕ್ಕೆ ಆ ಅಂಕಿ 216.91. ಆ ಹುಡುಗನ ತಿಂಗಳ ದುಡಿಮೆ 12,000 ರೂ. ಎಂದು ಹಿಡಿದರೆ, ಶೇಕಡಾ 60 ಅಂದರೆ 7,200, ಅದನ್ನು 216.91ರಿಂದ ಗುಣಿಸಿದರೆ 15,61,752. ಅದರಲ್ಲಿ ಶೇಕಡಾ 30 ಅಂದರೆ ಸುಮಾರು 4,68,500 ರೂ. ಹಿರಿಯರು ಕೊಡಿಸಿದ್ದು ಅರ್ಧ ದವಾಖಾನೆ ಮತ್ತು ಎರಡು ಚೀಲ ಜೋಳ.

ಈ ಅಂಕಿ ಕೂಲಿಯಾಳಿಗೆ ಸಂತೋಷ, ರೈತನಿಗೆ ಭಯ ಎಂದು ಓದುಗರು ಹೇಳಬಹುದು. ಹೇಳಲಿ. ನಾಲ್ಕು ಎಕರೆಯ ರೈತ ಒಂದು ರಾತ್ರಿಯ ರಾಶಿಗಾಗಿ ನಾಲ್ಕೂವರೆ ಲಕ್ಷಕ್ಕಿಂತ ಹೆಚ್ಚು ಕೊಡಬೇಕಾಗಿ ಬಂದರೆ ಅವನು ಹೊಲ ಮಾರಬೇಕು. ಆದುದರಿಂದಲೇ ಇದು ಆಳಿನ ಪ್ರಶ್ನೆ ಮಾತ್ರವಲ್ಲ, ಒಕ್ಕಲಿಗನ ಹೊಲದ ಪ್ರಶ್ನೆಯೂ ಹೌದು. ಕೋರ್ಟಿಗೆ ಹೋಗುವವರು ನಮ್ಮಲ್ಲಿ ಕಡಿಮೆ ಎಂಬ ಧೈರ್ಯದ ಮೇಲೆ ನಾವು ರಾಶಿ ಮಾಡುತ್ತಿದ್ದೇವೆ. ಮಕ್ಕಳು ಓದುತ್ತಿದ್ದಾರೆ, ಈ ಧೈರ್ಯ ಇನ್ನು ಬಹಳ ವರ್ಷ ನಡೆಯುವಂಥದಲ್ಲ.

ಹಾಗಾದರೆ ಈಗಿರುವ ವಿಮೆಗಳು ಏನು ಮಾಡುತ್ತವೆ? ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ 2015ರಲ್ಲಿ ಬಂದಿತು. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 12 ರೂ. ಕಡಿಯುತ್ತಿದ್ದರು, 2022ರ ಜೂನ್‌ನಿಂದ ಅದು 20 ರೂ. ಆಯಿತು. ಹದಿನೆಂಟರಿಂದ ಎಪ್ಪತ್ತು ವರ್ಷದವರಿಗೆ ಸೇರಲು ಬರುತ್ತದೆ. ಅಪಘಾತದಿಂದ ಸತ್ತರೆ ಅಥವಾ ಎರಡೂ ಕೈ, ಎರಡೂ ಕಾಲು, ಎರಡೂ ಕಣ್ಣು ಹೋದರೆ 2 ಲಕ್ಷ. ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣು ಹೋದರೆ 1 ಲಕ್ಷ. ಒಂದು ಚಹಾ-ಭಜಿಯ ಬೆಲೆಗೆ ಇಷ್ಟು ಭದ್ರತೆ ಬೇರೆಲ್ಲೂ ಇಲ್ಲ. ಪ್ರತಿ ಮನೆಯಲ್ಲಿ ಪ್ರತಿಯೊಬ್ಬರೂ ಇದನ್ನು ಮಾಡಿಸಿರಬೇಕು. ಆದರೆ ಮೂರು ಬೆರಳು ಹೋದರೆ ಈ ಯೋಜನೆಯಲ್ಲಿ ಬರುವುದು ಎಷ್ಟು? ಒಂದು ರೂಪಾಯಿಯೂ ಇಲ್ಲ. ಬೆರಳಿನ ಮಾತೇ ಅದರಲ್ಲಿಲ್ಲ. ರಾಶಿ ಯಂತ್ರವಾದರೋ ಸಾಯಿಸುವುದಕ್ಕಿಂತ ಹೆಚ್ಚಾಗಿ ಬೆರಳು ಮತ್ತು ಅಂಗೈಯನ್ನೇ ತೆಗೆದುಕೊಳ್ಳುವ ಯಂತ್ರ. ಸಹಕಾರ ಸಂಘದ ಸದಸ್ಯರಿಗಾಗಿ 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, 2023ರಲ್ಲಿ ಮತ್ತೆ ಸುರುವಾದ ಯಶಸ್ವಿನಿ ಯೋಜನೆ ಶಸ್ತ್ರಚಿಕಿತ್ಸೆಯ ಖರ್ಚನ್ನು ಹೊರುತ್ತದೆ. ಹೋದ ದುಡಿಮೆಯನ್ನು ಹೊರುವುದಿಲ್ಲ. ಟ್ರ್ಯಾಕ್ಟರಿನ ವಿಮೆ ಇದೆಯಲ್ಲ ಎನ್ನುವವರು ಆ ಕಾಗದವನ್ನು ಒಮ್ಮೆ ಪೂರ್ತಿ ಓದಿಸಿ ಕೇಳಬೇಕು. ಟ್ರಾಲಿಯಲ್ಲಿ ಕೂತು ಬರುವ ಆಳುಗಳಿಗೆ ಅದು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ಬೀದರ ಊರಿನ ಪಕ್ಕದ ಕೊಳ್ಹಾರ ಕೈಗಾರಿಕಾ ಪ್ರದೇಶದಲ್ಲಿ ಇದೇ ಹುಡುಗ ಕೆಲಸಕ್ಕಿದ್ದರೆ ಮಾತು ಬೇರೆಯಾಗುತ್ತಿತ್ತು. ಕಾರ್ಖಾನೆಯಲ್ಲಿ ತಿರುಗುವ ಯಂತ್ರಕ್ಕೆ ಬೇಲಿ ಇರಬೇಕೆಂಬುದು 1948ರ ಕಾರ್ಖಾನೆ ಕಾಯದೆಯ ಕಾಲದಿಂದಲೂ ಬಂದ ಮಾತು, ಮೇಲೆ ಇ.ಎಸ್.ಐ. ವಿಮೆ. ಅದೇ ಹುಡುಗ ಶನಿವಾರ ಸಂಜೆ ಊರಿಗೆ ಬಂದು ರವಿವಾರ ಮಾವನ ಹೊಲದಲ್ಲಿ ರಾಶಿಗೆ ನಿಂತರೆ ಬೇಲಿಯೂ ಇಲ್ಲ, ವಿಮೆಯೂ ಇಲ್ಲ.

ತಗಡಿನ ಲೆಕ್ಕ

ಈಗ ಯಂತ್ರದ ಬಾಯಿಗೆ ಬರೋಣ. ಉತ್ತರದ ಗೋಧಿಯ ಪ್ರದೇಶಗಳಲ್ಲಿ ರಾಶಿ ಯಂತ್ರ ಹೆಚ್ಚಾದಂತೆ ಕೈ ಕಳೆದುಕೊಂಡವರೂ ಹೆಚ್ಚಿ, ಭಾರತೀಯ ಮಾನಕ ಸಂಸ್ಥೆಯು 1979ರಲ್ಲಿಯೇ ರಾಶಿ ಯಂತ್ರಗಳ ಸುರಕ್ಷತೆಗೆ ಮಾನಕವನ್ನು ಹೊರಡಿಸಿತು. 1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯದೆಯನ್ನೇ ಮಾಡಿತು. ಈ ಕಾಯದೆಗೆ ಮುಖ್ಯ ಗುರಿ ರಾಶಿ ಯಂತ್ರವೇ. ಯಂತ್ರ ಸುರಕ್ಷಿತವಾಗಿ ತಯಾರಾಗಬೇಕು, ಅದನ್ನು ನಡೆಸುವಾಗ ಪೆಟ್ಟಾದವರಿಗೆ ಪರಿಹಾರ ಸಿಗಬೇಕು ಎಂದು ಎರಡನ್ನೂ ಅದು ಒಂದೇ ಕಡೆ ಹೇಳಿತ್ತು. ನನ್ನ ಇಷ್ಟು ವರ್ಷದ ತಿರುಗಾಟದಲ್ಲಿ ಔರಾದ, ಭಾಲ್ಕಿ ಕಡೆ ಈ ಕಾಯದೆಯ ಹೆಸರು ಕೇಳಿದ ರೈತರು ನನಗೆ ಸಿಕ್ಕಿಲ್ಲ. ಯಂತ್ರ ಮಾರುವವರಲ್ಲಿಯೂ ಸಿಗಲಿಲ್ಲ.

ಮಾನಕದ ಮುಖ್ಯ ಮಾತು ಬಹಳ ಸರಳ. ಪೈರು ಉಣಿಸುವ ತಗಡಿನ ದೋಣಿ ಕನಿಷ್ಠ 90 ಸೆಂ.ಮೀ. ಉದ್ದವಿರಬೇಕು. ಅದರಲ್ಲಿ ಡ್ರಮ್ಮಿನ ಕಡೆಯ ಕನಿಷ್ಠ 45 ಸೆಂ.ಮೀ. ಮೇಲೆ ಮುಚ್ಚಿರಬೇಕು. ಹೀಗಿದ್ದರೆ ಉಣಿಸುವವನು ಮರೆತು ಕೈ ಚಾಚಿದರೂ ಬೆರಳು ಡ್ರಮ್ಮಿನ ಹಲ್ಲಿಗೆ ಮುಟ್ಟುವುದು ಕಷ್ಟ. ಇದರಲ್ಲಿ ದೊಡ್ಡ ವಿಜ್ಞಾನವೇನೂ ಇಲ್ಲ. ಮನುಷ್ಯನ ತೋಳಿನ ಉದ್ದಕ್ಕಿಂತ ದೋಣಿ ಉದ್ದವಾಗಿರಲಿ ಎಂಬುದಷ್ಟೇ. ಭೋಪಾಲದ ಕೇಂದ್ರೀಯ ಕೃಷಿ ಇಂಜಿನಿಯರಿಂಗ್ ಸಂಸ್ಥೆಯವರು ಬಹಳ ವರ್ಷಗಳಿಂದ ಇದನ್ನೇ ಹೇಳುತ್ತ ಬಂದಿದ್ದಾರೆ.

ನಮ್ಮ ಹೊಲದ ಯಂತ್ರಗಳಲ್ಲಿ ಏನಾಗಿದೆ? ಹೊಸದಾಗಿ ಬಂದಾಗ ಕೆಲವಕ್ಕೆ ದೋಣಿ ಸರಿಯಾಗಿಯೇ ಇರುತ್ತದೆ. ಒಂದು ಹಂಗಾಮು ಕಳೆಯುವುದರೊಳಗೆ ಅದನ್ನು ಕತ್ತರಿಸಿ ಗಿಡ್ಡ ಮಾಡಿರುತ್ತಾರೆ, ಇಲ್ಲವೆ ಮೇಲಿನ ಮುಚ್ಚಳವನ್ನು ಬಿಚ್ಚಿ ಮೂಲೆಗಿಟ್ಟಿರುತ್ತಾರೆ. ಇದನ್ನು ಮಾಡುವವನು ಮೂರ್ಖನಲ್ಲ, ಕ್ರೂರನೂ ಅಲ್ಲ. ರಾಶಿಯ ಬಾಡಿಗೆ ಚೀಲದ ಲೆಕ್ಕದಲ್ಲಿದೆ. ಬಾಯಿ ಅಗಲವಾಗಿ ಹತ್ತಿರವಿದ್ದರೆ ಗಂಟೆಗೆ ಚೀಲ ಹೆಚ್ಚು ಬೀಳುತ್ತದೆ. ರಾತ್ರಿಯೊಳಗೆ ಇನ್ನೊಂದು ಕಣ ಹಿಡಿಯಬಹುದು. ಟ್ರ್ಯಾಕ್ಟರಿನ ಸಾಲದ ಕಂತು ತುಂಬಬಹುದು. ಮಳೆ ತಲೆಯ ಮೇಲಿರುವಾಗ ಹೊಲದ ಯಜಮಾನನೂ “ಜಲ್ದಿ ಮುಗಿಸಪ್ಪಾ” ಎಂದೇ ಅನ್ನುತ್ತಾನೆ. ಹೀಗೆ ಕತ್ತರಿಸಿದ ತಗಡಿನ ಲಾಭ ಇಬ್ಬರಿಗೆ ಹೋಗುತ್ತದೆ. ನಷ್ಟವನ್ನು ಮಾತ್ರ ಮೂರನೆಯವನು ಹೊರುತ್ತಾನೆ. ಲಾಭ ಒಬ್ಬರ ಕಡೆ, ನಷ್ಟ ಇನ್ನೊಬ್ಬರ ಕಡೆ ಇರುವ ತನಕ ಎಷ್ಟು ಭಿತ್ತಿಪತ್ರ ಹಚ್ಚಿದರೂ ತಗಡು ಮತ್ತೆ ಉದ್ದವಾಗುವುದಿಲ್ಲ. ನಮ್ಮ ವಿಸ್ತರಣಾ ಕಾರ್ಯದವರು, ನಾನೂ ಅವರಲ್ಲಿ ಒಬ್ಬ, ಇಷ್ಟು ವರ್ಷ “ಎಚ್ಚರಿಕೆಯಿಂದ ಕೆಲಸ ಮಾಡಿರಿ” ಎಂದು ಹೇಳಿದ್ದೇ ಹೆಚ್ಚು. ಹದಿನಾಲ್ಕು ತಾಸು ನಿಂತವನಿಗೆ, ಧೂಳಿನಲ್ಲಿ, ಅರೆ ಕತ್ತಲಲ್ಲಿ, ಎಚ್ಚರಿಕೆ ಎಲ್ಲಿಂದ ಬರಬೇಕು? ಎಚ್ಚರ ತಪ್ಪುವುದು ಮನುಷ್ಯನ ಸ್ವಭಾವ. ತಪ್ಪಿದಾಗ ಕೈ ಉಳಿಯುವಂತೆ ಯಂತ್ರವಿರಬೇಕು. ಕುಡಿದು ನಿಂತಿದ್ದ ಎನ್ನುವ ಆಕ್ಷೇಪವೂ ಕೇಳಿಬರುತ್ತದೆ. ಕುಡಿದವನನ್ನು ಬಾಯಿಗೆ ನಿಲ್ಲಿಸಿದವರು ಯಾರು ಎಂದು ನಾನು ತಿರುಗಿ ಕೇಳುತ್ತೇನೆ.

ಉದ್ದ ದೋಣಿಯಿಂದ ಕೆಲಸ ನಿಧಾನವಾಗುವುದಿಲ್ಲವೇ ಎಂದರೆ, ಮೊದಲ ಎರಡು ಮೂರು ದಿನ ಆಗುತ್ತದೆ. ಅದನ್ನು ಮುಚ್ಚಿಡಬೇಕಾಗಿಲ್ಲ. ಉಣಿಸುವವನ ಕೈ ಹೊಂದಿಕೊಂಡ ಮೇಲೆ, ಪೈರು ಒಣಗಿದ್ದರೆ, ವ್ಯತ್ಯಾಸ ಅಷ್ಟಾಗಿ ಉಳಿಯುವುದಿಲ್ಲ. ಹಸಿ ಪೈರನ್ನು ಮಾತ್ರ ಬೇರೆ ತೆಗೆದು ಬಿಸಿಲಿಗೆ ಹರಡಿ, ಮರುದಿನ ಹಾಕಬೇಕು. ಗಂಟು ಬಿದ್ದರೆ ಕೋಲಿನಿಂದಲೂ ಒತ್ತಬಾರದು. ಟ್ರ್ಯಾಕ್ಟರ್ ಬಂದ್ ಮಾಡಿ, ಡ್ರಮ್ಮು ಪೂರ್ತಿ ನಿಂತ ಮೇಲೆ ಬಿಡಿಸಬೇಕು.

ಟ್ರ್ಯಾಕ್ಟರಿನಿಂದ ಯಂತ್ರಕ್ಕೆ ಶಕ್ತಿ ಒಯ್ಯುವ ಪಿ.ಟಿ.ಓ. ದಂಡದ ಬಗೆಗೂ ಒಂದು ಮಾತು. ಅದು ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ. ಸೆರಗಿನ ತುದಿ ಸಿಕ್ಕಿತು ಎಂದು ತಾಯಿ ತಿರುಗಿ ನೋಡುವಷ್ಟರಲ್ಲಿ ನಾಲ್ಕೈದು ಸುತ್ತು ಸುತ್ತಿರುತ್ತದೆ. ಕಾಳು ತುಂಬುವ, ಹೊಟ್ಟು ಎಳೆಯುವ ಕೆಲಸದಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅವರು ಚೀಲ ಹೊತ್ತು ಈ ದಂಡವನ್ನು ದಾಟಿ ಓಡಾಡುತ್ತಾರೆ. ದಂಡಕ್ಕೆ ಪ್ಲಾಸ್ಟಿಕ್ ಕವಚ ಬಂದಿರುತ್ತದೆ; ಒಡೆದ ಮೇಲೆ ಯಾರೂ ಹೊಸದು ಹಾಕುವುದಿಲ್ಲ.

ಭಾಲ್ಕಿ ಕಡೆ ಎಮ್ಮೆ ಕಟ್ಟಿದವರ ಮನೆಯಲ್ಲಿ ಕಣಿಕೆ ಕತ್ತರಿಸುವ ಯಂತ್ರದ್ದೂ ಇದೇ ಕಥೆ. ಅಲ್ಲಿ ಅಪಾಯ ಮಕ್ಕಳಿಗೆ ಹೆಚ್ಚು, ಏಕೆಂದರೆ ಯಂತ್ರ ಅಂಗಳದಲ್ಲಿಯೇ ಇರುತ್ತದೆ. ದೆಹಲಿಯ ಐ.ಐ.ಟಿ.ಯ ದಿನೇಶ ಮೋಹನ್ ಮತ್ತು ಅವರ ಜೊತೆಗಾರರು ಉತ್ತರ ಭಾರತದ ಹಳ್ಳಿಗಳಲ್ಲಿ ಈ ಯಂತ್ರದ ಗಾಯಗಳನ್ನು ಅಭ್ಯಾಸ ಮಾಡಿ, ಕೆಲಸವಿಲ್ಲದಾಗ ಚಕ್ರಕ್ಕೆ ಬೀಗ, ಅಲಗಿಗೆ ಮುಚ್ಚಳ, ಬಾಯಿಗೆ ಮೊದಲೇ ಕೈಗೆ ತಾಗಿ ಎಚ್ಚರಿಸುವ ಉರುಳೆ, ಇಂಥ ಸಣ್ಣ ಬದಲಾವಣೆಗಳನ್ನು ಸೂಚಿಸಿದರು. ಬೀದರದ ಯಾವ ವೆಲ್ಡಿಂಗ್ ಅಂಗಡಿಯವನೂ ಬೀಗದ ಕೊಂಡಿಯನ್ನು ಒಂದು ಮಧ್ಯಾಹ್ನದಲ್ಲಿ ಮಾಡಿಕೊಡಬಲ್ಲ.

ತೊಗರಿಗೆ ಔಷಧ ಹೊಡೆಯುವ ಕೆಲಸವನ್ನೂ ಇದರೊಡನೆ ಸೇರಿಸಬೇಕು. 2017ರಲ್ಲಿ ನಮ್ಮ ನೆರೆಯ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧ ಹೊಡೆಯುತ್ತ ಸುಮಾರು ಇಪ್ಪತ್ತು ಜನ ಸತ್ತರು. ಅದು ಪ್ರತ್ಯೇಕ ಲೇಖನದ ವಿಷಯ, ಇಲ್ಲಿ ಬಿಡುತ್ತೇನೆ.

ಚೀಲಕ್ಕೆ ಎರಡು ರೂಪಾಯಿ

ವಿಮೆಯನ್ನೂ ತಗಡನ್ನೂ ಕೂಡಿಸಿದವರು ಇದ್ದಾರೆ. ಜರ್ಮನಿ ದೇಶದಲ್ಲಿ ಕಾರ್ಮಿಕರ ಅಪಘಾತ ವಿಮೆಯ ಕಾಯದೆ 1884ರಲ್ಲಿ ಬಂದು, 1886ರಲ್ಲಿ ಒಕ್ಕಲುತನಕ್ಕೂ ವಿಸ್ತರಿಸಿತು. ಅಲ್ಲಿ ಪರಿಹಾರ ಕೊಡುವ ಸಂಸ್ಥೆಯೇ ತನ್ನ ತಜ್ಞರನ್ನು ಹೊಲಕ್ಕೆ, ಕೊಟ್ಟಿಗೆಗೆ ಕಳಿಸಿ ಯಂತ್ರ ನೋಡಿಸುತ್ತದೆ. ಅಪಘಾತ ತಡೆಯುವುದು ಅದರ ಮೊದಲ ಕರ್ತವ್ಯ. ಹಣ ಕೊಡುವುದು ಆಮೇಲಿನದು. ಏಕೆಂದರೆ ಕೈ ಹೋದರೆ ಖರ್ಚು ಅದರದೇ. ಸ್ವೀಡನ್ನಿನಲ್ಲಿ 1959ರಿಂದ ಹೊಸ ಟ್ರ್ಯಾಕ್ಟರಿಗೆಲ್ಲ ಚಾಲಕನ ಸುತ್ತ ಉಕ್ಕಿನ ಚೌಕಟ್ಟು ಕಡ್ಡಾಯವಾಯಿತು. ಉರುಳಿದ ಟ್ರ್ಯಾಕ್ಟರಿನ ಕೆಳಗೆ ಸಾಯುವುದು ಅಲ್ಲಿ ಮೂವತ್ತು ವರ್ಷಗಳಲ್ಲಿ ಬಹುಮಟ್ಟಿಗೆ ನಿಂತುಹೋಯಿತು. ಮೂವತ್ತು ವರ್ಷ ಎಂಬುದನ್ನು ಗಮನಿಸಬೇಕು. ಹಳೆಯ ಟ್ರ್ಯಾಕ್ಟರುಗಳು ಸವೆದು ಹೋಗುವ ತನಕ ಕಾಯಬೇಕಾಯಿತು. ಒಂದು ಹಂಗಾಮಿನ ಅಭಿಯಾನದಿಂದ ಆಗುವ ಕೆಲಸವಲ್ಲ ಇದು.

ನಮ್ಮ ಜಿಲ್ಲೆಗೆ ನನ್ನ ಸಲಹೆ ಇಷ್ಟು. ವಿಮೆಯನ್ನು ಮನುಷ್ಯನಿಗೆ ಕಟ್ಟುವುದಲ್ಲ, ಯಂತ್ರಕ್ಕೆ ಕಟ್ಟಬೇಕು. ಆಳು ದಿನಕ್ಕೊಂದು ಕಣದಲ್ಲಿರುತ್ತಾನೆ, ಹೊಲದ ಯಜಮಾನ ವರ್ಷಕ್ಕೊಮ್ಮೆ ರಾಶಿ ಮಾಡುತ್ತಾನೆ. ಬದಲಾಗದೆ ಇರುವುದು ಯಂತ್ರವೊಂದೇ. ರಾಶಿಯ ಬಾಡಿಗೆ ಚೀಲದ ಲೆಕ್ಕದಲ್ಲಿಯೇ ಇರುವುದರಿಂದ, ಅದರೊಡನೆಯೇ ಚೀಲಕ್ಕೆ ಎರಡು ರೂಪಾಯಿ ಹಿಡಿಯಬೇಕು: ಒಂದು ಹೊಲದ ಯಜಮಾನನದು, ಒಂದು ಯಂತ್ರದ ಮಾಲಕನದು. ಹಣ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಆ ಯಂತ್ರದ ಹೆಸರಿನ ಖಾತೆಯಲ್ಲಿರಲಿ. ಒಂದು ಯಂತ್ರ ಹಂಗಾಮಿಗೆ 3,000 ಚೀಲ ತೆಗೆಯಿತೆಂದು ಹಿಡಿದರೆ 6,000 ರೂ. ಆಗುತ್ತದೆ. ಮೊದಲ ವರ್ಷ ಈ ಹಣ ಮೊದಲು ತಗಡಿಗೆ ಹೋಗಬೇಕು: ದೋಣಿ, ಪಟ್ಟಾಗಳ ಮೇಲಿನ ಜಾಳಿಗೆ, ಪಿ.ಟಿ.ಓ. ಕವಚ, ಉಣಿಸುವವನ ಎರಡೂ ಬದಿಗೆ ದೀಪ, ನಿಲ್ಲಲು ಗಟ್ಟಿ ಹಲಗೆ. ಹತ್ತು ಆಳುಗಳ ಗುಂಪಿಗೆ ಸುರಕ್ಷಾ ಬಿಮಾ ಮಾಡಿಸಲು ಬೇಕಾಗುವುದು 200 ರೂ. ಮಾತ್ರ. ಉಳಿದುದರಿಂದ, ಎರಡನೆಯ ವರ್ಷದಿಂದ, ಬೆರಳಿಗೂ ಶೇಕಡಾವಾರು ಲೆಕ್ಕವಿರುವ ಸಾಮೂಹಿಕ ಅಪಘಾತ ವಿಮೆಯನ್ನು ಅಥವಾ ಮಾಲಕನ ಹೊಣೆಯನ್ನು ಹೊರುವ ನೌಕರ ಪರಿಹಾರ ವಿಮೆಯನ್ನು ಕೊಳ್ಳಬಹುದು. ಇಂಥ ವಿಮೆಗಳನ್ನು ಸಾಮಾನ್ಯ ವಿಮಾ ಕಂಪನಿಗಳು ಮಾರುತ್ತವೆ. ಒಬ್ಬ ರೈತ ಕೇಳಿದರೆ ಗಮನ ಕೊಡುವುದಿಲ್ಲ, ಸಂಘ ಕೇಳಿದರೆ ಕೊಡುತ್ತಾರೆ.

ಇದರಲ್ಲಿ ಒಂದು ಕೀಲಿ ಇದೆ, ಅದನ್ನು ಬಿಟ್ಟರೆ ಉಳಿದುದೆಲ್ಲ ವ್ಯರ್ಥ. ತಪಾಸಣೆಯಲ್ಲಿ ಸರಿ ಎನಿಸಿಕೊಂಡ ಯಂತ್ರದ ಮಾಲಕ ಚೀಲಕ್ಕೆ ಒಂದು ರೂಪಾಯಿ ಕೊಡಲಿ. ದೋಣಿ ಕತ್ತರಿಸಿದ ಯಂತ್ರದವನು ನಾಲ್ಕು ಕೊಡಲಿ. ಆಗ ಗಿಡ್ಡ ತಗಡಿನ ಲಾಭ ಅವನ ಕಿಸೆಯಲ್ಲಿ ಉಳಿಯುವುದಿಲ್ಲ. ಹೊಲದ ಯಜಮಾನನೂ ಪಾಲು ಕೊಡುವುದರಿಂದ, ಯಾವ ಯಂತ್ರ ಕರೆಸಬೇಕು ಎಂಬುದನ್ನು ಎರಡು ಸಲ ಯೋಚಿಸುತ್ತಾನೆ.

ತಪಾಸಣೆಗೆ ಸರಕಾರದ ಇನ್‌ಸ್ಪೆಕ್ಟರ್ ಬರಲಿ ಎಂದು ಕಾಯುತ್ತ ಕೂತರೆ ನಾವು ಕೂತೇ ಇರುತ್ತೇವೆ. 90 ಮತ್ತು 45 ಸೆಂ.ಮೀ. ಅಳೆಯಲು ದರ್ಜಿಯ ಟೇಪು ಸಾಕು. ಮಹಾನವಮಿಯ ಖಂಡೆ ಪೂಜೆಯ ದಿನ ಎಲ್ಲ ಯಂತ್ರಗಳನ್ನು ತೊಳೆದು, ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿ ಒಂದೆಡೆ ನಿಲ್ಲಿಸುತ್ತೇವೆ. ಸೋಯಾ ರಾಶಿಗೆ ಮೊದಲು ಇದಕ್ಕಿಂತ ಒಳ್ಳೆಯ ದಿನವಿಲ್ಲ. ಆ ದಿನ ಸಂಘದ ಕಾರ್ಯದರ್ಶಿ, ಆಳುಗಳಲ್ಲಿ ಒಬ್ಬರು, ಸ್ತ್ರೀ ಸ್ವಸಹಾಯ ಗುಂಪಿನಿಂದ ಒಬ್ಬರು ಸೇರಿ ಟೇಪು ಹಿಡಿಯಲಿ. ಬೀದರ ಡಿ.ಸಿ.ಸಿ. ಬ್ಯಾಂಕಿನ ಮೂಲಕ ಸ್ವಸಹಾಯ ಗುಂಪುಗಳನ್ನು ಕಟ್ಟಿ ಹೆಸರು ಪಡೆದ ಜಿಲ್ಲೆ ನಮ್ಮದು; ವಾರಕ್ಕೆ ಹತ್ತು ರೂಪಾಯಿಯ ಲೆಕ್ಕವನ್ನು ತಪ್ಪದೆ ಬರೆದ ಹೆಣ್ಣುಮಕ್ಕಳಿಗೆ ಈ ಲೆಕ್ಕ ದೊಡ್ಡದಲ್ಲ. ಎಳ್ಳ ಅಮಾವಾಸ್ಯೆಗೆ, ತೊಗರಿ ರಾಶಿಗೆ ಮುಂಚೆ, ಇನ್ನೊಮ್ಮೆ ನೋಡಲಿ. ಯಂತ್ರಕ್ಕೆ ಸಾಲ ಕೊಡುವ ಸಂಘಗಳೂ ಸಹಾಯಧನ ಕೊಡುವ ಇಲಾಖೆಯೂ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳೂ ಈ ಅಳತೆಯನ್ನು ಷರತ್ತಾಗಿ ಮಾಡಿದರೆ ಹತ್ತು ವರ್ಷಗಳಲ್ಲಿ ಹಳೆಯ ಬಾಯಿಗಳೆಲ್ಲ ಬದಲಾಗಬಹುದು.

ಪುಸ್ತಕವೊಂದು ಬೇಕು. ಮಳೆ ಎಷ್ಟು ಬಿತ್ತು, ಎಕರೆಗೆ ಎಷ್ಟು ಕ್ವಿಂಟಲ್ ಬಂತು ಎಂದು ಬರೆದಿಡುವ ನಾವು, ಊರಿನಲ್ಲಿ ಎಷ್ಟು ಬೆರಳು ಹೋದವು ಎಂದು ಬರೆದಿಡುವುದಿಲ್ಲ. ಯಾವ ಯಂತ್ರ, ಯಾವ ಬೆಳೆ, ಎಷ್ಟು ಹೊತ್ತಿಗೆ, ಎಷ್ಟು ತಾಸಿನಿಂದ ನಿಂತಿದ್ದ: ಈ ನಾಲ್ಕು ಸಾಲು ಸಂಘದ ಪುಸ್ತಕದಲ್ಲಿ ಬಿದ್ದರೆ, ಐದು ವರ್ಷ ಬಿಟ್ಟು ವಿಮಾ ಕಂಪನಿಯೊಡನೆ ಕಂತಿನ ಚೌಕಾಸಿ ಮಾಡುವಾಗ ನಮ್ಮ ಕೈಯಲ್ಲಿ ಕಾಗದವಿರುತ್ತದೆ.

ಇದೆಲ್ಲ ಆಗುವವರೆಗೆ ಈ ಹಂಗಾಮಿನಲ್ಲಿ ಹೊಲದ ಯಜಮಾನರು ಮಾಡಬಹುದಾದದ್ದು: ಬಾಡಿಗೆ ಮಾತಾಡುವಾಗಲೇ ದೋಣಿಯ ಅಳತೆ ಕೇಳಿರಿ. ಹದಿನೆಂಟು ತುಂಬದವರನ್ನು ಬಾಯಿಗೆ ನಿಲ್ಲಿಸಬೇಡಿರಿ. ಉಣಿಸುವವರು ಇಬ್ಬರಿರಲಿ, ತಾಸಿಗೊಮ್ಮೆ ಬದಲಾಗಲಿ. ಕೈಗಡಗ, ಉದ್ದ ತೋಳಿನ ಸಡಿಲ ಅಂಗಿ, ಜೋತುಬಿದ್ದ ಟಾವೆಲ್ ಬೇಡ. ಆಳುಗಳ ಖಾತೆಯಲ್ಲಿ ಮೇ ತಿಂಗಳ ಕೊನೆಗೆ 20 ರೂ. ಇದೆಯೇ ಎಂದು ವಿಚಾರಿಸಿರಿ, ಇಲ್ಲದಿದ್ದರೆ ನೀವೇ ಹಾಕಿರಿ. ಅಷ್ಟಾಗಿಯೂ ಪೆಟ್ಟಾದರೆ, ಗಾಯದ ಮೇಲೆ ಶುದ್ಧ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿದು, ಕೈಯನ್ನು ಮೇಲಕ್ಕೆತ್ತಿ 108ಕ್ಕೆ ಕರೆ ಮಾಡಿರಿ. ತುಂಡಾದ ಬೆರಳನ್ನು ಹುಡುಕಿ, ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಬರ್ಫಿನ ಮೇಲೆ ಇಡಿರಿ. ಬೆರಳು ನೇರವಾಗಿ ಬರ್ಫಿಗೆ ತಾಗಬಾರದು. ಬೆರಳು ಕೂಡಿಸುವ ಶಸ್ತ್ರಚಿಕಿತ್ಸೆಗೆ ಹೈದರಾಬಾದಿಗೆ ಹೋಗಬೇಕಾಗಬಹುದು, ತಾಸುಗಳ ಲೆಕ್ಕ ಬಹಳ ಮುಖ್ಯ. ದವಾಖಾನೆಯಲ್ಲಿ ಗಾಯ ಹೇಗಾಯಿತು ಎಂದು ಕೇಳಿದಾಗ, ಪೊಲೀಸ್ ಕೇಸಿಗೆ ಹೆದರಿ “ಬಿದ್ದು ಪೆಟ್ಟಾಯಿತು” ಎಂದು ಬರೆಸುವವರಿದ್ದಾರೆ. ಹಾಗೆ ಬರೆಸಬೇಡಿರಿ. ಯಂತ್ರದಿಂದ ಆಯಿತು ಎಂದು ಮೊದಲ ಚೀಟಿಯಲ್ಲಿ ಇಲ್ಲದಿದ್ದರೆ ಮುಂದೆ ಯಾವ ವಿಮೆಯ ಹಣವೂ ಬರುವುದು ಕಷ್ಟ. ಸುರಕ್ಷಾ ಬಿಮಾದ ಅರ್ಜಿಯನ್ನು ಖಾತೆಯಿರುವ ಬ್ಯಾಂಕಿಗೆ ಮೂವತ್ತು ದಿನದೊಳಗೆ ಕೊಡಬೇಕು.